ಎಪ್ಪತ್ತೈದನೆಯ ಹಲ್ಲು

ಐದು ವರ್ಷದ ಮಗುವಿನ ಬಾಯಲ್ಲಿರುವುದು 20 ಹಾಲುಹಲ್ಲು. ಆದರೂ ದಂತವೈದ್ಯರು ಬಾಯಿ ತೆರೆಸಿ ನೋಡಿ, ಪಕ್ಕದಲ್ಲಿ ಬರೆದುಕೊಳ್ಳುತ್ತಿರುವವರಿಗೆ ‘ಸೆವೆನ್ ಫೈವ್, ಕೇರೀಸ್’, ಎಂದರೆ ಹುಳುಕು, ಎನ್ನುತ್ತಾರೆ. ಇಪ್ಪತ್ತೇ ಹಲ್ಲಿರುವ ಬಾಯಿಗೆ ಎಪ್ಪತ್ತೈದನೆಯದು ಎಲ್ಲಿಂದ ಬಂತು? ಎಣಿಸಲು ಕಲಿತ ಮಗು ಇದನ್ನು ಕೇಳಿಯೇ ಕೇಳುತ್ತದೆ. ಅದು ಎಪ್ಪತ್ತೈದಲ್ಲ, ಏಳು ಮತ್ತು ಐದು. ಬಾಯನ್ನು ಮೇಲೆ ಎರಡು, ಕೆಳಗೆ ಎರಡು ಎಂದು ನಾಲ್ಕು ಪಾಲು ಮಾಡಿ, ಶಾಶ್ವತ ಹಲ್ಲುಗಳಾದರೆ 1ರಿಂದ 4, ಹಾಲುಹಲ್ಲುಗಳಾದರೆ 5ರಿಂದ 8 ಎಂದು ಪಾಲಿಗೊಂದು ಅಂಕಿ ಕೊಟ್ಟಿದ್ದಾರೆ. ನಟ್ಟನಡುವಿನಿಂದ ಹಿಂದಕ್ಕೆ ಎಣಿಸಿದರೆ ಎಷ್ಟನೆಯ ಹಲ್ಲು ಎಂಬುದನ್ನು ಎರಡನೆಯ ಅಂಕಿ ಹೇಳುತ್ತದೆ. ಅಲ್ಲಿಗೆ 75 ಎಂದರೆ 7ನೆಯ ಪಾಲಾದ ಕೆಳದವಡೆಯ ಎಡಗಡೆ, ಕಟ್ಟಕಡೆಯ ಹಾಲುಹಲ್ಲು. ಕೇಸ್ ಪೇಪರಿನ ಚಿತ್ರದಲ್ಲಿ ಮಗುವಿನ ಬಲಗಡೆ ನಮ್ಮ ಎಡಗಡೆಗೆ ಬಂದಿರುತ್ತದೆ. ಎದುರು ನಿಂತವರ ಕಣ್ಣಿಗೆ ಕಾಣುವುದೇ ಹಾಗೆ. ಗಣಿತದ ಪುಸ್ತಕದಲ್ಲಿ ನಿರ್ದೇಶಾಂಕಗಳ ಪಾಠ ಬರುವ ಹೊತ್ತಿಗೆ ಈ ಮಗು ಎಷ್ಟೋ ದೊಡ್ಡದಾಗಿರುತ್ತದೆ. ಇಲ್ಲಿ ಆ ಪಾಠ ಅದರ ಬಾಯೊಳಗೇ ಸಿಕ್ಕಿಬಿಟ್ಟಿದೆ.

ಇಂಥ ಪಾಠಗಳನ್ನೇ ನೆಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈಗ ಹೊಸತಲ್ಲ. ದೊಡ್ಡವರಾದ ಮೇಲೆ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೆಯ ತರಗತಿ ಪರೀಕ್ಷೆ ಕಟ್ಟಿದರಾಯಿತು ಎನ್ನುವ ಧೈರ್ಯ ಅವರದು. ಸಂತೆ, ಬ್ಯಾಂಕು, ಗ್ಯಾರೇಜು ಎಲ್ಲವೂ ಪಾಠಶಾಲೆ ಎಂಬ ಅವರ ನಂಬಿಕೆ ನನಗೆ ತುಂಬ ಹಿಡಿಸುತ್ತದೆ. ಆದರೆ ದಂತವೈದ್ಯರ ಬಳಿ ಹೋಗಿಬಂದದ್ದೇ ತಡ, ಹಲ್ಲಿನ ಚಿತ್ರಕ್ಕೆ ಬಣ್ಣ ತುಂಬು, ಭಾಗಗಳ ಹೆಸರು ಬರೆ ಎಂದು ಹಾಳೆ ಕೊಟ್ಟು ಕೂರಿಸುವುದು ಕಂಡರೆ ಸಂಕಟವಾಗುತ್ತದೆ. ಬೇಡವೆಂದು ಬಿಟ್ಟುಬಂದ ಶಾಲೆಯನ್ನೇ ಅಡುಗೆಮನೆಯ ಮೇಜಿನ ಮೇಲೆ ತಂದಿಟ್ಟ ಹಾಗಾಗಲಿಲ್ಲವೇ? ಹಲ್ಲು ಮಗುವಿನದು. ಪ್ರಶ್ನೆಯೂ ಮಗುವಿನದೇ ಆಗಿರಬೇಕು.

ಅಂಜಿದ ಮಗು ಪ್ರಶ್ನೆ ಕೇಳುವುದಿಲ್ಲ. ‘ಗಲಾಟೆ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸ್ತೀನಿ’ ಎಂಬ ಬೆದರಿಕೆ ನಮ್ಮಲ್ಲಿ ಎಷ್ಟು ಸಲೀಸು! ‘ಏನೂ ನೋಯಲ್ಲ’ ಎಂಬ ಸುಳ್ಳೂ ಅಷ್ಟೇ ಸಲೀಸು. ಎರಡೂ ಕಲಿಕೆಯನ್ನು ಬಾಗಿಲಲ್ಲೇ ತಡೆದುಬಿಡುತ್ತವೆ. ಮಕ್ಕಳ ದಂತವೈದ್ಯರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1959ರಲ್ಲಿ ಅಡೆಲ್‌ಸ್ಟನ್ ಎಂಬ ಅಮೆರಿಕದ ದಂತವೈದ್ಯರು ‘ಟೆಲ್, ಶೋ, ಡೂ’ ಎಂಬ ಕ್ರಮವನ್ನು ಬರೆದಿಟ್ಟರು. ಮೊದಲು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳು, ಆಮೇಲೆ ಉಪಕರಣವನ್ನು ಅದರ ಉಗುರಿನ ಮೇಲೋ ಬೊಂಬೆಯ ಮೇಲೋ ಓಡಿಸಿ ತೋರಿಸು, ಆಮೇಲಷ್ಟೇ ಬಾಯಿಗೆ ಹೋಗು. ಹೇಳಿದ್ದನ್ನು ಬಿಟ್ಟು ಬೇರೆ ಮಾಡಬೇಡ. ಶಿಕ್ಷಕರ ತರಬೇತಿಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಹೇಳಿಕೊಡುತ್ತಾರೆಂದು ನನಗನಿಸುವುದಿಲ್ಲ. ಅಷ್ಟು ಹೊತ್ತು ಅಪ್ಪ ಅಮ್ಮ ಸುಮ್ಮನಿದ್ದು, ವೈದ್ಯರು ಮತ್ತು ಮಗು ಮಾತಾಡಿಕೊಳ್ಳಲು ಬಿಡಬೇಕು. ದಂತ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದರಂತೂ ಚಿಕಿತ್ಸೆ ಕೊಡುವವರೇ ವಿದ್ಯಾರ್ಥಿಗಳು, ಹಿಂದೆ ನಿಂತು ನೋಡುವವರು ಅವರ ಗುರುಗಳು. ದೊಡ್ಡವರೂ ಕೇಳಿ, ತಿದ್ದಿಸಿಕೊಂಡು ಕಲಿಯುವುದನ್ನು ಮನೆಯಲ್ಲೇ ಓದುವ ಮಗು ಕಣ್ಣಾರೆ ಕಾಣಲಿ. ಹಲ್ಲುನೋವಿನಿಂದ ಅಳುತ್ತಿರುವ ಮಗುವಿಗೆ ಮಾತ್ರ ಯಾವ ಪಾಠವೂ ಬೇಡ, ಚಿಕಿತ್ಸೆ ಬೇಕು. ನೋವಿಲ್ಲದಾಗಲೇ ಹೋಗಬೇಕು ಎನ್ನುವುದು ಅದಕ್ಕೇ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ ಎಂಬುದು ಮಕ್ಕಳ ದಂತವೈದ್ಯರ ಸಲಹೆ.

‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ’ ಎನ್ನುವವರಿಗೂ ಆ 75ರಲ್ಲಿ ಉತ್ತರವಿದೆ. ಅದು ಬೀಳುವುದು ಹತ್ತರಿಂದ ಹನ್ನೆರಡು ವರ್ಷದ ನಡುವೆ. ಅಲ್ಲಿಯವರೆಗೂ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದಿರುತ್ತದೆ. ಆರನೆಯ ವರ್ಷದ ಹೊತ್ತಿಗೆ ಅದರ ಬೆನ್ನಿಗೇ ಮೊದಲ ಶಾಶ್ವತ ದವಡೆಹಲ್ಲು, ವೈದ್ಯರ ಲೆಕ್ಕದಲ್ಲಿ 36, ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿದು ಕಡೆಗಣಿಸುವವರು ಬಹಳ. ಹುಳುಕಿನಿಂದ 75 ಬೇಗ ಹೋದರೆ 36 ಮುಂದಕ್ಕೆ ಸರಿದು ಆ ಜಾಗವನ್ನು ನುಂಗುತ್ತದೆ; ಹುಟ್ಟಬೇಕಾದ ಹಲ್ಲು ಸೊಟ್ಟಗಾಗುತ್ತದೆ. ದನದ ಜಾತ್ರೆಯಲ್ಲಿ ರೈತ ಹೋರಿಯ ಕೆಳತುಟಿ ಸರಿಸಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುವುದೂ ಹಾಲುಹಲ್ಲು ಬಿದ್ದು ಹೊಸದು ಬರುವ ಇದೇ ಕ್ರಮವನ್ನು ನಂಬಿ.

ಹಲ್ಲು ಹುಳುಕಾಗುವುದು ಹೇಗೆಂದು ತೋರಿಸಲು ಮೊಟ್ಟೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡುವ ಪ್ರಯೋಗವನ್ನು ಎಲ್ಲರೂ ಮಾಡಿಸುತ್ತಾರೆ. ಗುಳ್ಳೆ ಏಳುತ್ತವೆ, ಒಂದೆರಡು ದಿನದಲ್ಲಿ ಚಿಪ್ಪು ಕರಗುತ್ತದೆ. ಮಾಡಿಸಲಿ, ಆದರೆ ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲಿನ ಎನಾಮಲ್ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ವ್ಯತ್ಯಾಸವನ್ನೂ ಹೇಳಲಿ. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ಎನಾಮಲ್ ಒಂದು ರಾತ್ರಿಯಲ್ಲಿ ಕರಗುವುದಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಉಗುಳುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಎನಾಮಲ್ ಖನಿಜ ಕಳೆದುಕೊಳ್ಳುತ್ತದೆ, ಜೊಲ್ಲು ನಿಧಾನವಾಗಿ ಅದನ್ನು ತುಂಬಿಕೊಡುತ್ತದೆ. ಜೊಲ್ಲಿಗೆ ಪುರುಸೊತ್ತು ಕೊಡದೆ ದಿನವಿಡೀ ಚಾಕೊಲೇಟ್ ಚೀಪುವುದು, ಅಷ್ಟನ್ನೂ ಒಮ್ಮೆಲೇ ತಿಂದು ಮುಗಿಸುವುದಕ್ಕಿಂತ ಕೆಟ್ಟದ್ದು. ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನು ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅಲ್ಲಿ ಓಡಾಡುತ್ತಿದ್ದ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಅವನೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಮಗುವಾದರೆ ಪ್ರಶ್ನೆಯೇ ಬೇರೆ ಇರಬಹುದು: ‘ಅಜ್ಜಿಯ ಹಲ್ಲು ಬಿಳಿ, ಅಪ್ಪನ ಹಲ್ಲೇಕೆ ಕಂದು?’ ಶಾಶ್ವತ ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಕಲೆ ಜೀವನಪೂರ್ತಿ ಉಳಿಯುತ್ತದೆ. ಅಜ್ಜಿಯ ಬಾಲ್ಯ ಕೆರೆ, ತೆರೆದ ಬಾವಿಯ ನೀರಿನಲ್ಲಿ ಕಳೆದಿದ್ದು, ಅಪ್ಪನದು ಬಂಡೆಯ ಬಿರುಕಿನಿಂದ ಮೇಲೆತ್ತಿದ ಕೊಳವೆಬಾವಿ ನೀರಿನಲ್ಲಿ ಕಳೆದಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಸಿಗುತ್ತದೆ. ಅದೇ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲು ಕಾಯುತ್ತದೆ: ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಜಲಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಕೊಟ್ಟು ತರಬೇತಿ ನೀಡುವ ವ್ಯವಸ್ಥೆ ಇದೆ. ದಂತವೈದ್ಯರಲ್ಲಿಗೆ ಹೋಗಿಬಂದ ವಾರವೇ ಮಗುವನ್ನು ಗ್ರಾಮ ಪಂಚಾಯಿತಿಗೆ ಕರೆದೊಯ್ದು, ತಮ್ಮ ಮನೆಯ ನಲ್ಲಿ ನೀರಿನ ಫ್ಲೋರೈಡ್ ಎಷ್ಟೆಂದು ಅದೇ ಕೇಳುವಂತೆ ಮಾಡಿ.