ಸೈಕಲ್ಲಿಗೆ ಮೋಟಾರು: ಹುಡುಗರ ಹುಚ್ಚೋ, ಹಳ್ಳಿಯ ಹಕ್ಕೋ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯ ನೆಲ ಸಮತಟ್ಟಾದುದಲ್ಲ. ಬಂಡೆಗುಡ್ಡಗಳ ನಡುವೆ ರಾಗಿ ಹೊಲ, ಇಳಿಜಾರಿನಲ್ಲಿ ಹಿಪ್ಪುನೇರಳೆ ತೋಟ, ಅದರಾಚೆ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಕುರುಚಲು ಕಾಡು, ಕೊನೆಗೆ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮ. ಇದು ಈ ಸೀಮೆಯ ಭೂಗೋಳ. ಮನೆಯಿಂದ ಹೊಲಕ್ಕೆ, ಹೊಲದಿಂದ ಹಾಲಿನ ಡೈರಿಗೆ, ಊರಿನಿಂದ ಬಸ್ಸು ನಿಲ್ಲುವ ಮುಖ್ಯರಸ್ತೆಗೆ ದೂರ ಹೆಚ್ಚಿರುವುದಿಲ್ಲ. ಆದರೆ ಆ ದೂರದ ತುಂಬ ಏರು. ಕ್ಯಾರಿಯರಿನ ಮೇಲೆ ಹೊರೆ. ಸಂಜೆ ಹಿಂದಿರುಗುವ ಹೊತ್ತು ಆನೆಗಳು ಕಾಡಿನಿಂದ ಹೊರಡುವ ಹೊತ್ತೂ ಹೌದು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು. ಏರು ಮಾತ್ರ ಒಂದು ಅಡಿಯೂ ತಗ್ಗಲಿಲ್ಲ.

ಇಂಥ ನೆಲದ ತರುಣನೊಬ್ಬ ಹಳೆಯ ಸೈಕಲ್ಲಿಗೆ ತನ್ನ ಕೈಯಿಂದಲೇ ಒಂದು ಮೋಟಾರು ಕೂರಿಸಿಕೊಳ್ಳಬೇಕೆಂದು ಬಯಸಿದರೆ ಆಶ್ಚರ್ಯವೇನಿದೆ? ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಅಗತ್ಯವೇ ಆ ಬಯಕೆಯ ಮೂಲ. ಆದರೂ ಅವನನ್ನು ಕಂಡು ನಗುವವರು ಮೂವರಿದ್ದಾರೆ. ಸಾಲ ಕೊಡುವವನು ‘ಈ ತಗಡು ಯಾಕೆ, ಕಂತಿನಲ್ಲಿ ಬೈಕು ತಗೋ’ ಎನ್ನುತ್ತಾನೆ. ಅಧಿಕಾರಿಯು ‘ಕಾನೂನುಬಾಹಿರ’ ಎಂದು ಷರಾ ಬರೆಯುತ್ತಾನೆ. ಕಾರಿನಿಂದಿಳಿದ ನಗರದ ಪರಿಸರಪ್ರೇಮಿಯು ‘ತುಳಿಯುವ ಸೈಕಲ್ಲೇ ಶ್ರೇಷ್ಠ, ಅದಕ್ಕೇಕೆ ಮೋಟಾರು?’ ಎಂದು ಉಪದೇಶಿಸುತ್ತಾನೆ. ಈ ಮೂವರಿಗೂ ಉತ್ತರ ಕೊಡಬೇಕಾಗಿದೆ. ಅದರ ಜೊತೆಗೆ, ಪೆಟ್ರೋಲ್ ಎಂಜಿನ್ನಿನ ಸದ್ದಿಗೆ ಮರುಳಾದ ತರುಣನಿಗೂ ಒಂದು ಕಠಿಣ ಮಾತು ಹೇಳಬೇಕಾಗಿದೆ. ಕಟ್ಟಿಕೊಳ್ಳುವ ಬಯಕೆ ನ್ಯಾಯವಾದುದು; ಆದರೆ ಪೆಟ್ರೋಲು ಅದರ ದಾರಿಯಲ್ಲ. ವಿದ್ಯುತ್ತಿನ ದಾರಿಯೋ ಬಡವನ ಪಾಲಿಗೆ ಮುಚ್ಚಿದೆ. ಅದನ್ನು ಮುಚ್ಚಿರುವುದು ಆಳುವವರ ಅಲಕ್ಷ್ಯ.

ಹಳೆಯ ಹಂಬಲ, ಎರಡು ನ್ಯಾಯ

ಇದು ಇಂದು ನಿನ್ನೆಯ ಹುಚ್ಚಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋತು ನೆಲಕಚ್ಚಿದ್ದ ಜಪಾನಿನಲ್ಲಿ, 1946ರಲ್ಲಿ, ಸೊಯಿಚಿರೊ ಹೋಂಡಾ ಸೈನ್ಯದ ರೇಡಿಯೋ ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಸಣ್ಣ ಎಂಜಿನ್ನುಗಳನ್ನು ತಂದು ಸೈಕಲ್ಲುಗಳಿಗೆ ಜೋಡಿಸಿದರು. ಇಂದಿನ ಹೋಂಡಾ ಕಂಪನಿಯ ಬೇರು ಅಲ್ಲಿದೆ. 1990ರ ದಶಕದಲ್ಲಿ ಸೋವಿಯತ್ ನೆರವು ನಿಂತುಹೋದಾಗ ಕ್ಯೂಬಾದ ಜನರು ಸಿಕ್ಕ ಎಂಜಿನ್ನುಗಳನ್ನೆಲ್ಲ ಸೈಕಲ್ಲಿಗೆ ಕಟ್ಟಿ ಬದುಕು ನಡೆಸಿದರು. ಭಾರತದಲ್ಲಿ 1972ರಲ್ಲಿ ಬಂದ ಲೂನಾ, 1980ರಲ್ಲಿ ಇಲ್ಲಿಗೆ ಸಮೀಪದ ಹೊಸೂರಿನಿಂದ ಬಂದ ಟಿವಿಎಸ್ 50, ಇವೂ ಪೆಡಲು ಉಳಿಸಿಕೊಂಡ ಎಂಜಿನ್ ಸೈಕಲ್ಲುಗಳೇ. ಕ್ರಮೇಣ ಪೆಡಲು ಮಾಯವಾಯಿತು, ತೂಕ ಹೆಚ್ಚಿತು, ಬೆಲೆ ಏರಿತು.

ಕಾರ್ಖಾನೆ ಮಾಡಿದಾಗ ಉದ್ಯಮಶೀಲತೆ ಎನಿಸಿಕೊಂಡದ್ದು, ಹಳ್ಳಿಯ ಹುಡುಗ ಮಾಡಿದಾಗ ಅಪರಾಧವಾಗುವುದು ಯಾವ ನ್ಯಾಯ? ಕೈಯಲ್ಲಿ ಕಸುಬಿದ್ದವನು ನಮ್ಮ ನಾಡಿನಲ್ಲಿ ಏನನ್ನು ಮಾಡಬಲ್ಲನೆಂಬುದಕ್ಕೆ ಸಾಕ್ಷಿ ಬೇಕಿಲ್ಲ. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರವೇರುವ ಬೈಕನ್ನು ರೂಪಿಸಿ ದೇಶದ ಗಮನ ಸೆಳೆದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ವು ಮಾಗಡಿಯ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಅಗತ್ಯದಿಂದಲೇ ವಿಜ್ಞಾನ ಹೊರಡಬೇಕೆಂದು ತೋರಿಸಿತು. ಒಲೆಯ ಹೊಗೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕಂಡ ನಾಡು, ಹಾಲಿನ ಕ್ಯಾನು ಹೊತ್ತ ಸೈಕಲ್ಲಿನ ಏರನ್ನು ಹಾಗೆ ಕಾಣಲಿಲ್ಲ.

ಸರ್ಕಾರವೇನೋ ಸೈಕಲ್ಲು ಕೊಟ್ಟಿತು. 2006-07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಸೈಕಲ್ಲು ಬಂತು; 2020-21ರ ಸಾಲಿನಿಂದ ವಿತರಣೆ ನಿಂತಿತು. ಬಯಲುಸೀಮೆಯ ಮಕ್ಕಳನ್ನು ಶಾಲೆಗೆ ಮುಟ್ಟಿಸಿದ ಆ ಸೈಕಲ್ಲನ್ನು ಗುಡ್ಡದ ಮಕ್ಕಳು ಏರಿನುದ್ದಕ್ಕೂ ತಳ್ಳಿಕೊಂಡು ನಡೆದರು. ಎಷ್ಟೋ ಮನೆಗಳ ಹಿತ್ತಿಲಲ್ಲಿ ಅವು ಗೋಡೆಗೊರಗಿ ತುಕ್ಕು ಹಿಡಿಯುತ್ತಿವೆ. ಹುಡುಗನ ಕಣ್ಣು ಬಿದ್ದಿರುವುದು ಆ ಕಬ್ಬಿಣದ ಮೇಲೆಯೇ.

ಏರಿನ ಲೆಕ್ಕ

‘ತುಳಿದರೆ ಸಾಲದೇ?’ ಎನ್ನುವವರು ಸ್ವಲ್ಪ ಲೆಕ್ಕ ಹಾಕಲಿ. ಸವಾರ, ಸೈಕಲ್ಲು, ಹೊರೆ ಸೇರಿ 140 ಕಿಲೋ ತೂಕ. ನೂರು ಮೀಟರು ಸಾಗಿದರೆ ಐದು ಮೀಟರು ಏರುವ ದಾರಿ. ಗಂಟೆಗೆ 12 ಕಿಲೋಮೀಟರು ವೇಗದಲ್ಲಿ ಇದನ್ನು ಹತ್ತಲು ಸುಮಾರು 285 ವ್ಯಾಟ್ ಶಕ್ತಿ ಬೇಕು. ದಿನವಿಡೀ ಹೊಲದಲ್ಲಿ ದುಡಿದ ಸಾಧಾರಣ ಮೈಕಟ್ಟಿನ ಮನುಷ್ಯನು ಎಡೆಬಿಡದೆ ತುಳಿದು ಕೊಡಬಲ್ಲದ್ದು 75ರಿಂದ 100 ವ್ಯಾಟ್. ಉಳಿದ 200 ವ್ಯಾಟ್ ಎಲ್ಲಿಂದ ಬರಬೇಕು? ನೀತಿಬೋಧೆಯಿಂದ ಬರುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಕೊರತೆಯಿರುವುದು 200 ವ್ಯಾಟ್ ಮಾತ್ರ. ಅದಕ್ಕೆ ನೂರು ಸಿಸಿಯ ಬೈಕು ಬೇಕಿಲ್ಲ. ಚಕ್ರದ ನಡುವೆ ಕೂರುವ 250 ವ್ಯಾಟ್‌ಗಿಂತ ಕಡಿಮೆಯ ಹಬ್ ಮೋಟಾರು, ಅದನ್ನು ಹತೋಟಿಯಲ್ಲಿಡುವ ಕಂಟ್ರೋಲರ್, 36 ವೋಲ್ಟಿನ ಒಂದು ಬ್ಯಾಟರಿ ಇದ್ದರೆ ಕಾಲಿನ ಬಲದ ಜೊತೆ ಸೇರಿ ಹೊರೆ ಗುಡ್ಡ ಹತ್ತುತ್ತದೆ. ಹೊರೆ ಹಗುರವಿದ್ದು, ಕಾಲೂ ಕೈಜೋಡಿಸಿದರೆ ಕಿಲೋಮೀಟರಿಗೆ ಸುಮಾರು 12 ವ್ಯಾಟ್-ಗಂಟೆ ವಿದ್ಯುತ್ ಸಾಕು. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಒಮ್ಮೆ ತುಂಬಿಸಲು ತಗಲುವುದು ಅರ್ಧ ಯೂನಿಟ್ಟಿಗಿಂತ ಕಡಿಮೆ. ಸಾಗುವ ದೂರ 25ರಿಂದ 30 ಕಿಲೋಮೀಟರು. ಕಡಿದಾದ ಏರಿನಲ್ಲಿ ಇದು ತಗ್ಗುತ್ತದೆ, ನಿಜ. ಒಂದು ಲೀಟರು ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 9 ಯೂನಿಟ್. ಲೀಟರಿಗೆ 60 ಕಿಲೋಮೀಟರು ಓಡುವ ಮೊಪೆಡ್ ಕೂಡ ಪ್ರತಿ ಕಿಲೋಮೀಟರಿಗೆ ಇದರ ಸುಮಾರು ಹತ್ತುಪಟ್ಟು ಶಕ್ತಿಯನ್ನು ನುಂಗುತ್ತದೆ. ಸಾಲ ಕೊಡುವವನು ಈ ಲೆಕ್ಕವನ್ನು ಹೇಳುವುದಿಲ್ಲ. ಅವನ ಲೆಕ್ಕ ಕಂತಿನದು. ರಾಗಿ ಕೈಕೊಟ್ಟ ವರ್ಷವೂ, ರೇಷ್ಮೆಗೂಡಿನ ಬೆಲೆ ಕುಸಿದ ತಿಂಗಳೂ ನಿಲ್ಲದ ಕಂತು.

ಪೆಟ್ರೋಲಿನ ಮೋಹ

ಈಗ ತರುಣನ ಸರದಿ. ಕಳೆ ಕತ್ತರಿಸುವ ಯಂತ್ರದಿಂದಲೋ ಔಷಧಿ ಸಿಂಪಡಿಸುವ ಪಂಪಿನಿಂದಲೋ ಬಿಚ್ಚಿದ ಟೂ-ಸ್ಟ್ರೋಕ್ ಎಂಜಿನ್ನು ಸುಲಭವಾಗಿ ಸಿಗುತ್ತದೆ. ಪೆಟ್ರೋಲು ಹಾಕಿ ಎಳೆದರೆ ಗರ್ಜಿಸುತ್ತದೆ. ಗರ್ಜನೆಯೇ ಅದರ ಆಕರ್ಷಣೆ. ಆದರೆ ಆ ಎಂಜಿನ್ನಿನ ಒಳಗೆ ನಡೆಯುವುದೇನು? ಹೊಸ ಇಂಧನ ಒಳಬರುವಾಗಲೇ ಹೊಗೆ ಹೊರಹೋಗುವ ಬಾಗಿಲೂ ತೆರೆದಿರುತ್ತದೆ. ಹೀಗಾಗಿ ಇಂಧನದ ಒಂದು ದೊಡ್ಡ ಪಾಲು ಸುಡದೆಯೇ ಹೊಗೆಯೊಂದಿಗೆ ಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯು ನೀಲಿ ಹೊಗೆಯಾಗಿ ಸವಾರನ ಮೂಗಿಗೂ ಹಿಂದೆ ಕೂತ ತಂಗಿಯ ಮೂಗಿಗೂ ಸೇರುತ್ತದೆ. ಹೊಗೆಗೂ ವಿಷಾನಿಲಕ್ಕೂ ರೇಷ್ಮೆಹುಳು ಎಷ್ಟು ಬೇಗ ಸೋಲುತ್ತದೆಂಬುದು ಹುಳು ಸಾಕುವ ಮನೆಯವರಿಗೆಲ್ಲ ಗೊತ್ತು. ಅಂಥ ಎಂಜಿನ್ನನ್ನು ಹುಳುಮನೆಯ ಬಾಗಿಲಲ್ಲಿ ಚಾಲೂ ಮಾಡುವುದು ಸ್ವಂತ ಅನ್ನಕ್ಕೆ ಮಣ್ಣೆರಚಿಕೊಂಡಂತೆ.

ವೇಗದ ಮಾತು ಇನ್ನೂ ಗಂಭೀರ. ವೇಗ ಎರಡುಪಟ್ಟಾದರೆ ನಿಲ್ಲಿಸಬೇಕಾದ ಚಲನಶಕ್ತಿ ನಾಲ್ಕುಪಟ್ಟಾಗುತ್ತದೆ. ಗಾಳಿಯ ತಡೆಯನ್ನು ಭೇದಿಸಲು ಬೇಕಾದ ವ್ಯಾಟ್ ಎಂಟುಪಟ್ಟು. ಗಂಟೆಗೆ 15 ಕಿಲೋಮೀಟರಿಗೆಂದು ಮಾಡಿದ ಚೌಕಟ್ಟು, ಮಳೆಯಲ್ಲಿ ಜಾರುವ ಬ್ರೇಕ್ ರಬ್ಬರು, ತೆಳ್ಳನೆಯ ಮುಂದಿನ ಫೋರ್ಕು, ಇವುಗಳ ಮೇಲೆ 50 ಕಿಲೋಮೀಟರು ವೇಗದಲ್ಲಿ ಇಳಿಜಾರಿನಲ್ಲಿ ಹೊರಟವನು ಯಂತ್ರವನ್ನು ಕಟ್ಟಿದ್ದಲ್ಲ, ತನ್ನ ಚಟ್ಟವನ್ನು ಕಟ್ಟಿಕೊಂಡದ್ದು. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಸಂಗಮಕ್ಕೆ ಧಾವಿಸುವ ಬೈಕುಗಳ ಅಬ್ಬರವನ್ನು ಟೀಕಿಸುವ ಊರು, ಅದೇ ಅಬ್ಬರವನ್ನು ಹಿತ್ತಿಲಲ್ಲಿ ಹುಟ್ಟಿಸುವುದು ಸ್ವಾವಲಂಬನೆಯಲ್ಲ, ಅನುಕರಣೆ.

ಕಾನೂನಿನ ಕುರುಡು

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯು ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು 25 ಸಿಸಿ ಮೀರದ ಎಂಜಿನ್ನುಳ್ಳ ವಾಹನವನ್ನು ಹೊರಗಿಟ್ಟಿದೆ. ಅಂದರೆ ಹೊಗೆ ಉಗುಳುವ ಪುಟ್ಟ ಪೆಟ್ರೋಲ್ ಎಂಜಿನ್ನು ‘ಮೋಟಾರು ವಾಹನ’ವೇ ಅಲ್ಲ! ಹೊಗೆಯಿಲ್ಲದ ವಿದ್ಯುತ್ ಸೈಕಲ್ಲಿಗೋ ಷರತ್ತುಗಳ ಸಾಲು. 1989ರ ಕೇಂದ್ರ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿರಬೇಕು. ವೇಗ 25 ಕಿಲೋಮೀಟರು ಮುಟ್ಟುವಾಗ ಅಥವಾ ತುಳಿಯುವುದು ನಿಂತಾಗ ಮೋಟಾರಿನ ನೆರವು ನಿಲ್ಲಬೇಕು. ಈ ಷರತ್ತುಗಳು ವಿವೇಕದವೇ. ಗುಡ್ಡದ ಅಗತ್ಯಕ್ಕೆ ಅಷ್ಟು ಸಾಕೆಂದು ಮೇಲಿನ ಲೆಕ್ಕವೇ ಹೇಳಿದೆ. ತಕರಾರಿರುವುದು ಮುಂದಿನ ಷರತ್ತಿನಲ್ಲಿ. ಇದನ್ನೆಲ್ಲ ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದದ್ದು ಪುಣೆಯ ಎಆರ್‌ಎಐನಂಥ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ಸಾವಿರಾರು ಸೈಕಲ್ಲು ಮಾರುವ ಕಂಪನಿಗೆ ಪುಣೆ ದೂರವಲ್ಲ. ಒಂದೇ ಸೈಕಲ್ಲು ಕಟ್ಟಿಕೊಂಡ ಉಯ್ಯಂಬಳ್ಳಿಯವನಿಗೆ ಅದು ಚಂದ್ರಲೋಕ. ನಿಯಮ ಪಾಲಿಸುವ ಮನಸ್ಸಿದ್ದವನಿಗೂ ಪಾಲಿಸಿದೆನೆಂದು ತೋರಿಸುವ ದಾರಿಯನ್ನು ಕಾನೂನು ಕೊಟ್ಟಿಲ್ಲ.

ಇದರ ಫಲವನ್ನು ತಾಯ್ತಂದೆಯರು ಅರಿಯಬೇಕು. ಮಿತಿ ಮೀರಿದ ಮೋಟಾರು ಕೂರಿಸಿದ ಸೈಕಲ್ಲು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅದು ದಾರಿಹೋಕನೊಬ್ಬನಿಗೆ ಬಡಿದರೆ ಪರಿಹಾರದ ಹೊರೆಯೆಲ್ಲ ಮನೆಯ ಮೇಲೆ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಸಿನವನು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಸಾಲವಿಲ್ಲದೆ ಕಟ್ಟಿದ ಸೈಕಲ್ಲು ಹೊಲವನ್ನೇ ಅಡವಿಡಿಸಬಹುದು.

ಕಟ್ಟುವವನ ಹೊಣೆ

ಹಕ್ಕು ಕೇಳುವವನು ಹೊಣೆಯನ್ನೂ ಹೊರಬೇಕು. ಮೋಟಾರಿಗಿಂತ ಮೊದಲು ಬ್ರೇಕು: ಎರಡೂ ಚಕ್ರಗಳಿಗೆ ಗಟ್ಟಿ ಬ್ರೇಕು, ಹಿಡಿದೊಡನೆ ಮೋಟಾರು ನಿಲ್ಲಿಸುವ ಬ್ರೇಕ್ ಹಿಡಿಕೆ. ಹಬ್ ಮೋಟಾರಿನ ಅಚ್ಚು ಫೋರ್ಕಿನೊಳಗೆ ತಿರುಗಿ ಕಳಚದಂತೆ ಉಕ್ಕಿನ ಪಟ್ಟಿಯ ಬಿಗಿ. ಗುಜರಿಯಿಂದ ಆಯ್ದ ಲಿಥಿಯಂ ಸೆಲ್ಲುಗಳನ್ನು ಬೆಸುಗೆ ಹಾಕಿ ಬ್ಯಾಟರಿ ಮಾಡುವ ಸಾಹಸ ಬೇಡ. 2022ರಲ್ಲಿ ಹೆಸರಾಂತ ಕಂಪನಿಗಳ ವಿದ್ಯುತ್ ಸ್ಕೂಟರುಗಳೇ ಹೊತ್ತಿ ಉರಿದು, ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಗೊಳಿಸಬೇಕಾಯಿತು. ಹಿತ್ತಿಲ ಬ್ಯಾಟರಿಯ ಗತಿಯೇನು? ಮಲಗುವ ಕೋಣೆಯಲ್ಲಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ಚಾರ್ಜಿಗೆ ಹಾಕಬಾರದು. ಸವೆದ ಬ್ಯಾಟರಿ ಹಳ್ಳಕ್ಕೆ ಬೀಳಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ತಯಾರಕನೇ ಅದರ ಹೊಣೆಗಾರ. ಹೆಸರಿಲ್ಲದ ಬ್ಯಾಟರಿಗೆ ಹೊಣೆಗಾರನೂ ಇಲ್ಲ.

ಇನ್ನು ಆನೆ. ವಿದ್ಯುತ್ ಸೈಕಲ್ಲಿಗೆ ಸದ್ದಿಲ್ಲ. ಹಗಲಿನಲ್ಲಿ ಕಾಡಿಗೆ ಅದು ವರ. ಕತ್ತಲ ತಿರುವಿನಲ್ಲಿ ಅದು ಸವಾರನನ್ನು ಆನೆಯ ಕಾಲಡಿಗೇ ತಂದು ನಿಲ್ಲಿಸಬಹುದು. ಬೆಚ್ಚಿದ ಆನೆಯ ಓಟವನ್ನು 250 ವ್ಯಾಟ್ ಮೀರಿಸಲಾರದು. ಮೋಟಾರು ಇರುವುದು ಬೆಳಕಿರುವಾಗಲೇ ಮನೆ ಸೇರಲಿಕ್ಕೆ. ರಾತ್ರಿ ಕಾಡುದಾರಿಯಲ್ಲಿ ತಿರುಗಾಡಲಿಕ್ಕಲ್ಲ.

ಆಗಬೇಕಾದುದು

ಗುಡ್ಡಗಾಡಿನ ಜನರು ಗ್ರಾಮಸಭೆಗಳಲ್ಲಿ ಎತ್ತಬೇಕಾದ ಬೇಡಿಕೆಗಳು ನಾಲ್ಕು.

1. ಮನೆಯಲ್ಲಿ ಕಟ್ಟಿದ, 250 ವ್ಯಾಟ್ ಒಳಗಿನ ಸೈಕಲ್ಲುಗಳನ್ನು ತಾಲ್ಲೂಕು ಮಟ್ಟದ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿಯೇ ಅಗ್ಗದ ಶುಲ್ಕಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವಂತೆ ನಿಯಮ ತಿದ್ದಬೇಕು.

2. ಹೊಗೆಯ ಎಂಜಿನ್ನಿಗೆ ಬಾಗಿಲು ತೆರೆದಿಟ್ಟಿರುವ 25 ಸಿಸಿ ವಿನಾಯಿತಿಯನ್ನು ಮುಚ್ಚಬೇಕು.

3. ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಪಾಠದಲ್ಲಿ ತುಕ್ಕು ಹಿಡಿದ ಸೈಕಲ್ಲಿನ ದುರಸ್ತಿ, ಏರಿನ ಲೆಕ್ಕ, ಬ್ಯಾಟರಿಯ ಸುರಕ್ಷತೆ ಸೇರಬೇಕು.

4. ಸಂಜೆ ಬೆಳಕಿರುವಾಗಲೇ ಮಕ್ಕಳನ್ನು ಊರು ಮುಟ್ಟಿಸುವ ಬಸ್ಸು ಬರಬೇಕು. ಸೈಕಲ್ಲು ಬಸ್ಸಿಗೆ ಜೊತೆಗಾರನೇ ಹೊರತು, ಬಸ್ಸು ಬಿಡದಿರುವುದಕ್ಕೆ ಸರ್ಕಾರದ ನೆಪವಲ್ಲ.

ಕೊಳ್ಳುವುದನ್ನು ಮಾತ್ರ ಕಲಿಸುವ ಕಾಲದಲ್ಲಿ ಕಟ್ಟುವುದನ್ನು ಕಲಿತ ಕೈ ಊರಿನ ಆಸ್ತಿ. ಆ ಕೈಯನ್ನು ದಂಡದ ರಸೀತಿ ತೋರಿಸಿ ಹೆದರಿಸುವುದೂ ತಪ್ಪು; ವೇಗದ ಹುಚ್ಚಿಗೆ ಬಿಟ್ಟು ಕಳೆದುಕೊಳ್ಳುವುದೂ ತಪ್ಪು. ಅದಕ್ಕೆ ಒಂದು ಸ್ಪ್ಯಾನರು, ಒಂದು ಲೆಕ್ಕ, ಒಂದು ನ್ಯಾಯವಾದ ಕಾನೂನು ಸಿಗಲಿ.