36 ದಿನದ ಮಗು ಯಾವ ವಾರ್ಡಿಗೆ?

ಡಿಸೆಂಬರ್‌ನ ಒಂದು ರಾತ್ರಿ, ಹತ್ತೂವರೆ ಇರಬೇಕು. ಆಫೀಸಿನ ರಿಲೀಸ್ ಕಾಲ್‌ನಲ್ಲಿದ್ದೆ. ಅಮ್ಮನ ಫೋನ್ ಮೂರು ಸಲ ಕಟ್ ಮಾಡಿದೆ. ನಾಲ್ಕನೇ ಸಲ ಭಾವನೇ ಮಾಡಿದರು. "ಮಗ ಹಾಲೇ ಎಳೀತಿಲ್ಲ ಕಣಪ್ಪ. ಮಧ್ಯೆ ಮಧ್ಯೆ ಉಸಿರು ನಿಂತಂಗಾಯ್ತದೆ."

ಅಕ್ಕನ ಗಂಡನ ಮನೆ ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಮಗುವಿಗೆ ಅವತ್ತಿಗೆ 36 ದಿನ. 33 ವಾರಕ್ಕೇ ಹುಟ್ಟಿದವನು, ತೂಕ 1.7 ಕೆ.ಜಿ. ಇಪ್ಪತ್ತು ದಿನ ಎನ್‌ಐಸಿಯುನಲ್ಲಿದ್ದು ಮನೆಗೆ ಬಂದಿದ್ದ. ಮನೆಯಲ್ಲಿ ಅಂಗನವಾಡಿಗೆ ಹೋಗುವ ಅವನ ಅಕ್ಕನಿಗೆ ಒಂದು ವಾರದಿಂದ ನೆಗಡಿ, ಕೆಮ್ಮು.

ಗಾಬರಿಯಲ್ಲಿ ಎಲ್ಲರೂ ಮಾಡೋದನ್ನೇ ಅವರೂ ಮಾಡಿದರು. ಮಗು ಮೊದಲು ಇದ್ದ ಆಸ್ಪತ್ರೆಗೇ ಓಡಿದರು. ಅಲ್ಲಿ ಆಕ್ಸಿಜನ್ ಹಾಕಿದರು, ಆದರೆ ಎನ್‌ಐಸಿಯು ಒಳಗೆ ಬಿಟ್ಟುಕೊಳ್ಳಲಿಲ್ಲ. "28 ದಿನ ದಾಟಿದೆ. ಪಿಐಸಿಯು ಇರೋ ಕಡೆ ಕರ್ಕೊಂಡು ಹೋಗಿ" ಅಂದರು. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಗಾಜಿನಾಚೆ ಖಾಲಿ ವಾರ್ಮರ್ ಕಾಣ್ತಾ ಇತ್ತಂತೆ. ಅಕ್ಕ ಈಗಲೂ ಅದನ್ನೇ ಹೇಳುತ್ತಾಳೆ.

ಬೆಂಗಳೂರಿನಿಂದ ಹೊರಟವನು ಶ್ರೀರಂಗಪಟ್ಟಣ ದಾಟುವವರೆಗೂ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ನಾವು ಬರೆಯೋ ಕೆಟ್ಟ ಕೋಡ್ ಥರಾನೇ ಅನ್ನಿಸಿತು. ವಯಸ್ಸು 28ಕ್ಕಿಂತ ಜಾಸ್ತಿನಾ? ಹಾಗಾದ್ರೆ ಆಚೆ. ಅದರಲ್ಲೂ ಇವನ ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ಡೇಟ್ ಬರೋಕೆ ಇನ್ನೂ 13 ದಿನ ಬಾಕಿ ಇತ್ತು. ಆ ಲೆಕ್ಕದಲ್ಲಿ ಅವನಿನ್ನೂ ಹುಟ್ಟೇ ಇಲ್ಲ!

ರಾತ್ರಿ ಒಂದೂವರೆಗೆ ಮೈಸೂರಿನ ಇನ್ನೊಂದು ಆಸ್ಪತ್ರೆ ತಲುಪಿದೆ. ಮಗು ಆಗಲೇ ಪಿಐಸಿಯುನಲ್ಲಿತ್ತು, ಮೂಗಿಗೆ ಉಸಿರಾಟದ ಮೆಷಿನ್‌ನ ಪೈಪು. ಡ್ಯೂಟಿ ಡಾಕ್ಟರಿಗೆ ನನ್ನ 13 ದಿನದ ಲೆಕ್ಕ ಒಪ್ಪಿಸಿದೆ. ಆಕೆ ಸಿಟ್ಟಾಗಲಿಲ್ಲ. "ನಿಮ್ಮ ಲೆಕ್ಕ ಸರಿ. ಆದರೆ ಅದು ಮೂರು ಲೆಕ್ಕದಲ್ಲಿ ಒಂದು ಮಾತ್ರ" ಅಂದರು.

ಮೂರು ಪ್ರಶ್ನೆ

ಮೊದಲನೆಯದು ವಯಸ್ಸು. ಹುಟ್ಟಿದ ಮೊದಲ 28 ದಿನದ ಮಗುವನ್ನು ನವಜಾತ ಶಿಶು ಅಂತಾರೆ. ಆ ದಿನಗಳ ಕಾಯಿಲೆಗಳು ಹೆಚ್ಚಾಗಿ ಹುಟ್ಟಿಗೇ ಅಂಟಿಕೊಂಡವು: ಬಲಿಯದ ಶ್ವಾಸಕೋಶ, ಕಡಿಮೆ ತೂಕ, ಹುಟ್ಟಿದ ತಕ್ಷಣ ಅಳದೇ ಇರೋದು, ಕಾಮಾಲೆ. ಎನ್‌ಐಸಿಯುನ ವಾರ್ಮರ್, ಇನ್‌ಕ್ಯುಬೇಟರ್, ನೀಲಿ ಬೆಳಕು ಎಲ್ಲವೂ ಇದಕ್ಕಾಗಿಯೇ. ಒಂದು ಕೆ.ಜಿ. ಮಗುವಿನ ಕೂದಲೆಳೆಯಂಥ ನರ ಹುಡುಕುವ ಕೈ ಅಲ್ಲಿನ ನರ್ಸ್‌ಗಳದ್ದು. ಪಿಐಸಿಯುಗೆ ಬರೋದು ನ್ಯುಮೋನಿಯಾ, ಮೆದುಳು ಜ್ವರ, ಭೇದಿಯಿಂದ ನೀರು ಬತ್ತಿದ ಮಕ್ಕಳು. ಆದರೆ 28 ಅನ್ನೋದು ಕಲ್ಲಿನ ಮೇಲಿನ ಗೆರೆ ಅಲ್ಲ. 27 ವಾರಕ್ಕೆ ಹುಟ್ಟಿ ಎನ್‌ಐಸಿಯು ಬಿಟ್ಟೇ ಬಾರದ ಮಗುವನ್ನು 29ನೇ ದಿನ ಯಾರೂ ಎತ್ತಿ ಆಚೆ ಹಾಕಲ್ಲ. ಅವಧಿಗೆ ಮುಂಚೆ ಹುಟ್ಟಿದವರಿಗೆ ನನ್ನ ಥರ ಹೆರಿಗೆ ಡೇಟಿನಿಂದ ಎಣಿಸುವ ವಯಸ್ಸನ್ನೂ ನೋಡ್ತಾರೆ.

ಎರಡನೆಯದು, ಮಗು ಎಲ್ಲಿಂದ ಬಂತು? ನಮ್ಮ ವಿಷಯದಲ್ಲಿ ನಿರ್ಧಾರ ಮಾಡಿದ್ದು ಇದೇ. ಒಂದು ಸಲ ಮನೆಗೆ ಹೋದ ಮಗು ಮನೆಯ ವೈರಸ್ಸನ್ನೂ ಹೊತ್ತು ತರುತ್ತೆ. "ಒಳಗೆ ಒಂದು ಕೆ.ಜಿ., ಒಂದೂಕಾಲು ಕೆ.ಜಿ. ಮಕ್ಕಳಿದ್ದಾರೆ. ನಿಮ್ಮ ಮಗುಗೆ ಅಕ್ಕನಿಂದ ಬಂದ ನೆಗಡಿ ಆ ಮಕ್ಕಳಿಗೆ ದಾಟಿದರೆ?" ಅಂದರು ಡಾಕ್ಟರ್. ನಾನು ಸುಮ್ಮನಾದೆ. ಒಂದು ತಿಂಗಳ ಹಿಂದೆ ಅದೇ ಥರದ ವಾರ್ಮರ್ ಮೇಲೆ ನಮ್ಮವನೇ ಮಲಗಿದ್ದ. ಆಗ ಯಾರದ್ದೋ ಕೆಮ್ಮಿನ ಮಗುವನ್ನು ಪಕ್ಕಕ್ಕೆ ತಂದು ಮಲಗಿಸಿದ್ದರೆ ನಾವು ಸುಮ್ಮನಿರುತ್ತಿದ್ವಾ? ಸರ್ಕಾರಿ ನವಜಾತ ಶಿಶು ಘಟಕಗಳಲ್ಲೂ ಅಲ್ಲೇ ಹುಟ್ಟಿದ ಮಕ್ಕಳಿಗೆ ಒಂದು ಕೋಣೆ, ಹೊರಗಿನಿಂದ ಬಂದವರಿಗೆ ಇನ್ನೊಂದು ಅಂತ ಇಟ್ಟಿರೋದು ಇದಕ್ಕೇ. ಬೇರೆ ಕೋಣೆ ಇಲ್ಲದ ಕಡೆ ಖಾಲಿ ವಾರ್ಮರ್ ನಮಗೆ ಖಾಲಿ ಅಲ್ಲ.

ಮೂರನೆಯದು, ಮಗುವಿಗೆ ಈ ಹೊತ್ತು ಬೇಕಾಗಿರೋದು ಏನು, ಅದು ಯಾವ ಕೋಣೆಯಲ್ಲಿದೆ? ಹತ್ತು ದಿನದ ಮಗುವಿಗೆ ಬರೀ ಕಾಮಾಲೆ ಅಂದರೆ ನೀಲಿ ಬೆಳಕಿರೋ ನವಜಾತ ಘಟಕವೇ ಸರಿ. ಅದೇ ಮಗುವಿಗೆ ಕೆಮ್ಮು ಅಂದರೆ ಒಂದೊಂದು ಆಸ್ಪತ್ರೆಯದು ಒಂದೊಂದು ಪದ್ಧತಿ. ನಮ್ಮವನಿಗೆ ಬೆಡ್ ಸಿಕ್ಕಿದ್ದು ಪಿಐಸಿಯುನಲ್ಲಿ, ಆದರೆ ಅವನ ಗಾತ್ರದ ಪೈಪು ಬಂದಿದ್ದು ಎನ್‌ಐಸಿಯುನಿಂದ. ದಿನಕ್ಕೊಂದು ಸಲ ಅಲ್ಲಿನ ಡಾಕ್ಟರೂ ಬಂದು ನೋಡುತ್ತಿದ್ದರು.

ನಮ್ಮ ಕಡೆಯ ದಾರಿ

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಯಾವುದೇ ತಾಲ್ಲೂಕಿರಲಿ, ಕಷ್ಟದಲ್ಲಿರೋ ಹಸುಗೂಸಿನ ಪ್ರಯಾಣ ಹೆಚ್ಚಾಗಿ ಮುಗಿಯೋದು ಇನ್ನೊಂದು ಊರಿನಲ್ಲಿ. ಸರ್ಕಾರದ ವ್ಯವಸ್ಥೆಯೇ ಮೆಟ್ಟಿಲು ಮೆಟ್ಟಿಲಾಗಿದೆ: ತಾಲ್ಲೂಕು ಮಟ್ಟದಲ್ಲಿ ಮಗುವನ್ನು ಸ್ಥಿರ ಮಾಡೋ ಸಣ್ಣ ಘಟಕ, ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಅನ್ನೋ ವಿಶೇಷ ಘಟಕ. ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ. ನಾಗಮಂಗಲದವರಿಗೆ ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಇದೆ, ಇಲ್ಲ ಮಂಡ್ಯದ ಮಿಮ್ಸ್. ಕೆ.ಆರ್. ಪೇಟೆಯವರಿಗೆ ಮಂಡ್ಯವಾಗಲಿ ಮೈಸೂರಾಗಲಿ, ಒಂದು ಗಂಟೆ ಮೇಲಿನ ದಾರಿ. ಅಷ್ಟು ದೂರ ಹೋಗಿ ತಪ್ಪು ಬಾಗಿಲು ತಟ್ಟಿದರೆ ಕಳೆಯೋದು ಮಗುವಿನ ಸಮಯ. ನಮ್ಮಲ್ಲಿ ಹಾಗೆ ಎರಡು ಗಂಟೆ ಹೋಯಿತು.

ಆದ್ದರಿಂದ ಹೊರಡೋ ಮುಂಚೆ ಫೋನ್ ಮಾಡಿಸಿ. ಮೊದಲು ನೋಡಿದ ಡಾಕ್ಟರೇ ಮುಂದಿನ ಆಸ್ಪತ್ರೆಗೆ ಮಾತಾಡಿದರೆ ಅತ್ಯುತ್ತಮ. "ಬೆಡ್ ಇದೆಯಾ" ಅಂತಷ್ಟೇ ಕೇಳಿದರೆ ಸಾಲದು. "36 ದಿನ, 33 ವಾರಕ್ಕೆ ಹುಟ್ಟಿದ್ದು, ಈಗಿನ ತೂಕ ಇಷ್ಟು, ಮನೆಯಿಂದ ಬರ್ತಿದೀವಿ, ಮನೆಯಲ್ಲಿ ನೆಗಡಿ ಇದೆ, ಉಸಿರು ನಿಲ್ತಿದೆ" ಅನ್ನಬೇಕು. ಆ ಒಂದು ವಾಕ್ಯದಲ್ಲಿ ಮೂರು ಪ್ರಶ್ನೆಗೂ ಉತ್ತರ ಇದೆ. ಕಾರಿಗಿಂತ 108 ಆಂಬುಲೆನ್ಸ್ ವಾಸಿ, ಆಕ್ಸಿಜನ್ ಇರುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿನ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. 2011ರಲ್ಲಿ ಶುರುವಾದಾಗ ಅದು ನವಜಾತ ಶಿಶುಗಳಿಗೆ ಮಾತ್ರ ಇತ್ತು, ಆಮೇಲೆ ವಿಸ್ತರಿಸಿದರು.

ಯಾವಾಗ ಹೊರಡಬೇಕು? ಎರಡು ತಿಂಗಳೊಳಗಿನ ಮಗು ಹಾಲು ಬಿಟ್ಟರೆ, ಅಲುಗಾಡಿಸಿದರಷ್ಟೇ ಕೈಕಾಲು ಆಡಿಸಿದರೆ, ಎದೆ ಒಳಗೆ ಸೆಳೆದುಕೊಂಡರೆ, ಫಿಟ್ಸ್ ಬಂದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೂ ಹೊರಡಿ.

ನಮ್ಮವನು ಹನ್ನೊಂದನೇ ದಿನ ಮನೆಗೆ ಬಂದ. ಹೆರಿಗೆಗೆ ಕೊಟ್ಟಿದ್ದ ಡೇಟಿಗೆ ಇನ್ನೂ ಎರಡು ದಿನ ಇತ್ತು. ಅಕ್ಕನ ಸಿಟ್ಟು ಪೂರ್ತಿ ಇಳಿದಿಲ್ಲ. ಒಳಗೆ ಬಿಡದಿದ್ದಕ್ಕಲ್ಲ, ಕಾರಣ ಹೇಳದೆ ಕಳಿಸಿದ್ದಕ್ಕೆ. ಅದು ನ್ಯಾಯವೇ. ಎರಡು ನಿಮಿಷ ನಿಂತು ಹೇಳಿದ್ದರೆ ಅವಳು ಆ ಇಡೀ ದಾರಿ "ನನ್ನ ಮಗನ್ನ ಬೇಡ ಅಂದ್ರು" ಅಂತ ಅಳುತ್ತಾ ಹೋಗಬೇಕಿರಲಿಲ್ಲ.

ಮಗುವಿನ ಡಿಸ್ಚಾರ್ಜ್ ಸಮ್ಮರಿಯ ಫೋಟೋ ಈಗ ನಮ್ಮ ಮನೆಯ ಐದೂ ಫೋನಲ್ಲಿದೆ. ನಿಮ್ಮ ಮನೆಯಲ್ಲೂ ಪುಟ್ಟ ಮಗು ಇದ್ದರೆ ಇವತ್ತೇ ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ. ಮತ್ತೆ ಅಮ್ಮನ ಫೋನ್ ಮೂರು ಸಲ ಬಂದರೆ, ಮೊದಲನೇ ಸಲಕ್ಕೇ ಎತ್ತಿ.