ವಂಶವೆಂದರೆ ಬಿದಿರು

ಐರ್ಲೆಂಡಿನ ಕುಲಗಳಿಗೆ ‘ಕ್ಲಾನ್’ ಎನ್ನುತ್ತಾರಲ್ಲ, ಐರಿಷ್ ನುಡಿಯಲ್ಲಿ ಅದಕ್ಕೆ ಮಕ್ಕಳು, ಸಂತತಿ ಎಂದೇ ಅರ್ಥ. ಪದದ ಬೇರು ಲ್ಯಾಟಿನ್ನಿನ ‘ಪ್ಲಾಂಟಾ’, ನೆಡುವ ಕುಡಿ. ಹಳೆಯ ಐರಿಷರ ನಾಲಿಗೆಗೆ ಪಕಾರ ಒಗ್ಗದೆ ಅದು ಕಕಾರವಾಯಿತು.

ನಮ್ಮ ‘ವಂಶ’ವೂ ಗಿಡವೇ. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು. ಕೊಳಲು ವಂಶಿಯಾದದ್ದು ಹಾಗೆ. ಬೃಹದಾರಣ್ಯಕ ಉಪನಿಷತ್ತು ‘ವಂಶ’ ಎಂದು ಕೊಡುವುದು ಅಪ್ಪ-ಮಕ್ಕಳ ಪಟ್ಟಿಯನ್ನಲ್ಲ, ಗುರು-ಶಿಷ್ಯರ ಪಟ್ಟಿಯನ್ನು. ಕೊನೆಯ ಪಟ್ಟಿಯಲ್ಲಂತೂ ಪೌತಿಮಾಷೀಪುತ್ರ, ಕಾತ್ಯಾಯನೀಪುತ್ರ ಎಂದು ತಾಯಿಯ ಹೆಸರಿನಿಂದ ಗುರುತಾದವರ ಸಾಲೇ ಇದೆ. ವಂಶ ಬೆಳಗಲು ಗಂಡೇ ಬೇಕು ಎನ್ನುವ ಹಿರಿಯರಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯವರಿಗೆ ಬಿದಿರು ಗೊತ್ತು. ಒಂದು ಗಳ ಇನ್ನೊಂದು ಗಳದಿಂದ ಹುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ನೆಲದಡಿಯ ಗಡ್ಡೆಯಿಂದ ಕಳಲೆ ಮೂಡುತ್ತದೆ. ಬುಡದಲ್ಲಿ ಹೆಣೆದುಕೊಂಡ ಮುಳ್ಳೇ ಅದಕ್ಕೆ ಕಾವಲು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಕಡಿಯಲು ಸುಲಭವಾಗಲೆಂದು ಮೆಳೆಯ ಬುಡದ ಮುಳ್ಳು ಸವರಿಸುವ ರೂಢಿಯೂ ಬಂತು. ಬಿದಿರು ಕ್ಷೀಣಿಸಿದಾಗ ದೂರು ಬಿದ್ದದ್ದು ಹಳ್ಳಿಗರ ಮೇಲೆ, ಅವರ ದನಗಳ ಮೇಲೆ. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ ಎಂದು ಹಳ್ಳಿಗರು ಹೇಳುತ್ತಲೇ ಇದ್ದರು. 1970ರ ದಶಕದಲ್ಲಿ ಕರ್ನಾಟಕದ ಬಿದಿರನ್ನು ಅಭ್ಯಾಸ ಮಾಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಆ ಮಾತು ನಿಜವೆಂದು ಕಂಡುಕೊಂಡರು: ಕಾವಲಿಲ್ಲದ ಎಳೆ ಕಳಲೆ ದನಕ್ಕೆ, ಮುಳ್ಳುಹಂದಿಗೆ, ಮಂಗಕ್ಕೆ ಮೇವಾಗುತ್ತಿತ್ತು.

ಈ ನೆಲದ ಜನರ ಸಂಬಂಧಗಳನ್ನೂ ನಾನು ಹೀಗೇ ನೋಡಬಯಸುತ್ತೇನೆ, ಒಂಟಿ ಗಳವಾಗಿ ಅಲ್ಲ, ಮೆಳೆಯಾಗಿ. ಮರಾಠರ ಮದುವೆಯಲ್ಲಿ ದೇವಕ ಕೂರಿಸುತ್ತಾರೆ. ಮನೆತನದ ಗುರುತು ಅಲ್ಲಿ ಹೆಚ್ಚಾಗಿ ಒಂದು ಮರದ ಟೊಂಗೆ, ಇಲ್ಲವೇ ಎಲೆ. ಒಂದೇ ದೇವಕದವರು ಒಡಹುಟ್ಟಿದವರ ಸಮಾನ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿಯೆನ್ನಲಾಗುವ ಸಿದ್ದಿಯರಿಗೆ ವಂಶಾವಳಿ ಬರೆದಿಡಲು ಯಾರೂ ಅವಕಾಶ ಕೊಡಲಿಲ್ಲ. ಆದರೂ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋದ ಅವರು ಹಿರಿಯರ ಪೂಜೆಯನ್ನು ಬಿಟ್ಟಿಲ್ಲ. ಹೆಸರು ತಿಳಿಯದ ಹಿರಿಯರಿಗೂ ಅಲ್ಲಿ ಎಡೆಯುಂಟು.

ಆದ್ದರಿಂದ ಈ ಸಂಚಿಕೆಯಲ್ಲಿ ರಾಜಮನೆತನಗಳ ವಂಶವೃಕ್ಷಗಳಿಲ್ಲ. ಗೌಳಿ ದಡ್ಡಿಗಳಲ್ಲಿ, ಕುಣಬಿ ಕೇರಿಗಳಲ್ಲಿ, ಸಿದ್ದಿ ಮನೆಗಳಲ್ಲಿ ನಂಟನ್ನು ಹೇಗೆ ಎಣಿಸುತ್ತಾರೆ ಎಂಬ ಬರಹಗಳಿವೆ. ನಿಮ್ಮ ಮನೆತನದ ಕುಲಗುರುತು, ಅಂದರೆ ಬಳಿ, ಬೆಡಗು, ದೇವಕ ಯಾವುದೆಂದು ಅಜ್ಜಿಯನ್ನು ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯ ಪುಟಗಳನ್ನು ಅದಕ್ಕಾಗಿ ತೆಗೆದಿರಿಸಿದ್ದೇವೆ.